ಬಿಪಿ ಯಂತ್ರದ ಜೊತೆಗೊಂದು ತೂಕದ ಯಂತ್ರ

ಮನೆ ಬಾಗಿಲಿಗೇ ಬಂದು ಬಿಪಿ, ಸಕ್ಕರೆ ಕಾಯಿಲೆ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಮೊದಲು ಶುರುವಾದದ್ದು ಕೋಲಾರ ಜಿಲ್ಲೆಯಲ್ಲೇ. ಹೃದಯ ವೈಫಲ್ಯದ ರೋಗಿಗಳ ನಿಗಾ ಕೂಡ ಇದೇ ದಾರಿಯಲ್ಲಿ ಆಗಬೇಕು.

ಹೃದಯಾಘಾತವೆಂದರೆ ಊರೆಲ್ಲ ಓಡಿ ಬರುತ್ತದೆ. ಅದಕ್ಕೆ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯೂ ಇದೆ. ರಕ್ತ ತಳ್ಳುವ ಶಕ್ತಿ ಮೆಲ್ಲಗೆ ಕುಂದುವ ಹೃದಯ ವೈಫಲ್ಯಕ್ಕೆ ಆ ಗಮನವಿಲ್ಲ. ಪಾದ ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬಿನ ಮೇಲೆ ದಿಂಬು ಬೇಕಾಗುತ್ತದೆ. ವಯಸ್ಸಾಯಿತೆಂದು ಮನೆಯವರು ಸುಮ್ಮನಾಗುತ್ತಾರೆ. ಆಮೇಲೆ ಕುರುಡುಮಲೆಯಂಥ ಹಳ್ಳಿಯಿಂದ ಮುಳಬಾಗಿಲು, ಅಲ್ಲಿಂದ ಕೋಲಾರ, ಕೊನೆಗೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ. ಮೈನೀರು ಇಳಿಸಿ ಕಳಿಸುತ್ತಾರೆ. ಮಾತ್ರೆ ಮುಗಿಯುತ್ತದೆ, ಕಾಲು ಮತ್ತೆ ಊದುತ್ತದೆ. ತಿರುವನಂತಪುರದಲ್ಲಿ 2013ರಲ್ಲಿ ಹೀಗೆ ದಾಖಲಾದವರನ್ನು ಗಮನಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 31 ಮಂದಿ ವರ್ಷದೊಳಗೇ ತೀರಿಕೊಂಡಿದ್ದರು.

ದೇಹ ಮೊದಲೇ ಸೂಚನೆ ಕೊಡುತ್ತದೆ. ಎರಡು ಮೂರು ದಿನದಲ್ಲಿ 2 ಕೆ.ಜಿ. ತೂಕ ಏರಿದರೆ ಅದು ಮುದ್ದೆಯ ಬಲವಲ್ಲ, ಮೈಯಲ್ಲಿ ನಿಂತ ನೀರು. ಬೆಳಿಗ್ಗೆ ತೂಕ ಬರೆದಿಡುವುದು, ಮೈನೀರು ಇಳಿಸುವ ಫ್ಯೂರೋಸೆಮೈಡ್‌ನಂಥ ಮಾತ್ರೆ ತಪ್ಪದಂತೆ ನೋಡುವುದು, ಉಪ್ಪು ಹೆಚ್ಚಿರುವ ಹಪ್ಪಳ, ಉಪ್ಪಿನಕಾಯಿ ಬಿಡಿಸುವುದು (ಶ್ರೀನಿವಾಸಪುರದ ಮಾವಿನ ಸೀಮೆಯಲ್ಲಿ ಇದು ಕಷ್ಟದ ಮಾತೇ) ಇವಕ್ಕೆ ಹೃದ್ರೋಗ ತಜ್ಞರೇ ಬೇಕಿಲ್ಲ, ತರಬೇತಿ ಪಡೆದ ಆಶಾ ಕಾರ್ಯಕರ್ತೆ ಸಾಕು. ಈಗಾಗಲೇ ಹೊರೆ ಹೊತ್ತಿರುವ ಅವರಿಗೆ ಇದಕ್ಕೆ ಪ್ರತ್ಯೇಕ ಗೌರವಧನ ಕೊಡಬೇಕು. ಡಿಸ್ಚಾರ್ಜ್ ಚೀಟಿ ರೋಗಿಯ ಕೈಚೀಲದಲ್ಲೇ ಉಳಿಯದೆ, ಆ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೈಸೇರಬೇಕು.