ಬಾಗಿಲು ಮುಚ್ಚಿಕೊಂಡ ಮೇಲಿನ ಪ್ರಾರ್ಥನೆ

ಚಳ್ಳಕೆರೆಯ ಕಂಬಳಿ ಸಂತೆಯನ್ನು ಕಂಡವರಿಗೆ ಕುರಿ ಕಾಯುವವರ ಬದುಕು ಹೊಸದಲ್ಲ. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಮೇವು, ನೀರು ಹುಡುಕಿಕೊಂಡು ಮಂದೆಯೊಡನೆ ಊರಿಂದೂರಿಗೆ ನಡೆಯುವ ಕುರಿಗಾಹಿ ಎಲ್ಲರ ಕಣ್ಣಿಗೂ ಬಿದ್ದಿರುತ್ತಾನೆ. ಅವನು ಕುರಿಗಳಿಗೆ ನೀರು ಕುಡಿಸುವುದನ್ನು ನೋಡಿದವರು ಬಹಳ. ಅವನು ಯಾವಾಗ ನೀರು ಕುಡಿದ ಎಂದು ಕೇಳಿದವರು ಕಡಿಮೆ.

ಕ್ರೈಸ್ತ ಸಭೆಯ ಗುರುವನ್ನು 'ಪಾಸ್ಟರ್' ಎನ್ನುತ್ತಾರಷ್ಟೆ. ಅದು ಲ್ಯಾಟಿನ್ ಭಾಷೆಯ ಮಾತು; ಕುರುಬ ಎಂದೇ ಅದರ ಅರ್ಥ. ಕನ್ನಡ ಕ್ರೈಸ್ತರು ಬಳಸುವ 'ಸಭಾಪಾಲಕ' ಎಂಬ ಪದದಲ್ಲಿಯೂ ಕಾಯುವ ಕೆಲಸವೇ ಇದೆ. ಮಂದೆಯನ್ನು ಕಾಯುವವನು ತನ್ನ ಬಾಯಾರಿಕೆಯನ್ನು ಎಲ್ಲಿ ತೀರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಆ ಪರಂಪರೆ ಕೊಟ್ಟಿರುವ ಉತ್ತರ ಏಕಾಂತ ಪ್ರಾರ್ಥನೆ.

ಚಳ್ಳಕೆರೆ, ಮೊಳಕಾಲ್ಮೂರಿನಂಥ ಊರುಗಳಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದೇನಲ್ಲ. ಹಾಗೆಂದು ಅಲ್ಲಿನ ಸಭಾಪಾಲಕನ ಹೊರೆ ಚಿಕ್ಕದೆಂದು ಭಾವಿಸಬಾರದು. ಅವನ ಒಂದು ದಿನವನ್ನು ಊಹಿಸಿಕೊಂಡರೆ ಸಾಕು. ಬೆಳಿಗ್ಗೆ ಆಸ್ಪತ್ರೆಯಲ್ಲಿರುವವರ ಹಾಸಿಗೆಯ ಬಳಿ ಪ್ರಾರ್ಥನೆ. ಮಧ್ಯಾಹ್ನ ಒಂದು ಮಣ್ಣು. ಸಂಜೆ ಮುನಿಸಿಕೊಂಡ ಅಣ್ಣತಮ್ಮಂದಿರ ನಡುವೆ ಮಾತುಕತೆ. ರಾತ್ರಿ, ಮಗ ಕುಡಿತಕ್ಕೆ ಬಿದ್ದನೆಂದು ಅಳುವ ತಾಯಿ. ಭಾನುವಾರದ ಪ್ರಸಂಗವಂತೂ ತಪ್ಪದು. ಜನ ಅವನ ಬಳಿ ಹೇಳಿಕೊಳ್ಳುವ ಗುಟ್ಟುಗಳನ್ನು ಅವನು ಹೆಂಡತಿಯ ಮುಂದೆಯೂ ಬಾಯಿಬಿಡುವಂತಿಲ್ಲ. ಅಷ್ಟನ್ನೂ ಎದೆಯಲ್ಲಿಟ್ಟುಕೊಂಡು ಅವನು ಮರುದಿನ ನಗುಮುಖದಿಂದ ಎದ್ದು ಬರಬೇಕು.

ಇಂಥ ಕೆಲಸದಲ್ಲಿ ಒಂದು ಅಪಾಯವಿದೆ. ದಿನವೂ ಇನ್ನೊಬ್ಬರಿಗಾಗಿ ಗಟ್ಟಿಯಾಗಿ ಪ್ರಾರ್ಥಿಸುವವನಿಗೆ ಪ್ರಾರ್ಥನೆಯ ಮಾತುಗಳು ಬಾಯಿಪಾಠವಾಗಿಬಿಡುತ್ತವೆ. ಬೈಬಲನ್ನು ತೆರೆದರೆ ಮುಂದಿನ ಭಾನುವಾರಕ್ಕೆ ಏನು ಸಿಕ್ಕೀತು ಎಂದೇ ಕಣ್ಣು ಹುಡುಕುತ್ತದೆ. ನಾಲಗೆ ಚುರುಕಾಗುತ್ತಾ ಹೋಗುತ್ತದೆ, ಒಳಗೆ ಒಣಗುತ್ತಾ ಬರುತ್ತದೆ. ಕೇಳುವವರಿಗೆ ಇದು ಬಹುಕಾಲ ತಿಳಿಯುವುದೇ ಇಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಎದುರಿಗೆ ಕುಳಿತ ದಿನ ಮಾತ್ರ ಅದು ಬಯಲಾಗುತ್ತದೆ. ಆಗ ಬಾಯಿಪಾಠದ ಮಾತು ಅವಳನ್ನು ಮುಟ್ಟುವುದಿಲ್ಲ.

ಪ್ರಾರ್ಥಿಸುವಾಗ ಬೀದಿಯ ಮೂಲೆಯಲ್ಲಿ ನಾಲ್ಕು ಜನ ಕಾಣುವಂತೆ ನಿಲ್ಲದೆ, ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಬೇಕೆಂದು ಯೇಸು ಬೆಟ್ಟದ ಮೇಲಿನ ಬೋಧನೆಯಲ್ಲಿ ಹೇಳಿದ್ದುಂಟು. ಬೈಬಲನ್ನು ಕನ್ನಡಕ್ಕೆ ತರುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು ಮೊಳಕಾಲ್ಮೂರಿನ ನೆರೆಯ ಬಳ್ಳಾರಿಯಲ್ಲಿ; 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆ ಕೆಲಸಕ್ಕೆ ಕೈಹಾಕಿದರು. ಯೇಸುವಿನ ಈ ಮಾತಿನಲ್ಲಿ ಬರುವ 'ಕೋಣೆ'ಗೆ ಗ್ರೀಕ್ ಮೂಲದಲ್ಲಿರುವ ಪದ 'ತಮೇಯೋನ್'. ಮನೆಯ ದವಸ ತುಂಬಿಡುವ ಉಗ್ರಾಣಕ್ಕೂ ಅದೇ ಹೆಸರು. ಬಯಲುಸೀಮೆಯ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ನೆಲದೊಳಗಿನ ಹಗೇವುಗಳಲ್ಲಿ ಜೋಳ ತುಂಬಿಡುತ್ತಿದ್ದರು. ಮೇಲೆ ನಡೆದಾಡುವವರಿಗೆ ಏನೂ ಕಾಣದು. ಬರ ಬಂದಾಗ ಮನೆಮಂದಿಯ ಜೀವ ಉಳಿಸುತ್ತಿದ್ದುದು ಆ ಕಾಣದ ಕಾಳೇ. ಸಭಾಪಾಲಕನ ಏಕಾಂತ ಪ್ರಾರ್ಥನೆಯೂ ಅಂಥ ದಾಸ್ತಾನು.

ಯೇಸು ಸ್ವತಃ ಹಾಗೆ ನಡೆದುಕೊಂಡದ್ದನ್ನು ಮಾರ್ಕನ ಸುವಾರ್ತೆಯಲ್ಲಿ ಕಾಣಬಹುದು. ಕಪೆರ್ನೌಮ್ ಎಂಬ ಊರಿನಲ್ಲಿ ಒಂದು ಸಂಜೆ ರೋಗಿಗಳ ದೊಡ್ಡ ಗುಂಪೇ ಅವರಿದ್ದ ಮನೆಯ ಬಾಗಿಲಿಗೆ ಬಂದಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಅವರು ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಕೇಳುತ್ತಿದ್ದಾರೆ ಎಂದರು. ಆದರೆ ಯೇಸು ಆ ಜನಪ್ರಿಯತೆಗೆ ಮಣಿಯದೆ ಬೇರೆ ಊರುಗಳತ್ತ ಹೊರಟರು. ಹೊಗಳುವ ಗುಂಪಿನ ನಡುವೆಯೇ ಇದ್ದವನಿಗೆ ತನ್ನ ದಾರಿ ಯಾವುದೆಂದು ತಿಳಿಯುವುದು ಕಷ್ಟ. ಸ್ವಲ್ಪ ಹೊತ್ತು ದೂರ ಹೋಗಿ ಕುಳಿತವನಿಗೆ ಅದು ತಿಳಿದೀತು.

ಕ್ರೈಸ್ತ ಸಭೆಗಳು ಇದನ್ನು ಗುರುಗಳ ಇಷ್ಟಕ್ಕೆ ಬಿಟ್ಟುಕೊಟ್ಟಿಲ್ಲ. ಕೆಥೊಲಿಕ್ ಗುರುಗಳು ದಿನದ ಗೊತ್ತಾದ ಹೊತ್ತುಗಳಲ್ಲಿ ಕೀರ್ತನೆಗಳನ್ನು ಹೇಳಿಕೊಳ್ಳುವ ಕ್ರಮಕ್ಕೆ ಬದ್ಧರು. ಇಂಗ್ಲೆಂಡಿನ ಸಭೆಯ 1662ರ ಪ್ರಾರ್ಥನಾ ಪುಸ್ತಕ, ಗುರುಗಳು ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯನ್ನು ಜನರೊಡನೆಯಾಗಲಿ ಒಬ್ಬರೇ ಆಗಲಿ ದಿನವೂ ಮಾಡಬೇಕೆಂದು ವಿಧಿಸಿತು. ಕ್ರಮ ಯಾವುದೇ ಇರಲಿ, ಒಳಗೆ ನಡೆಯುವ ಕೆಲಸ ಹೆಚ್ಚು ಕಡಿಮೆ ಒಂದೇ: ತನ್ನ ತಪ್ಪುಗಳನ್ನು ಮುಚ್ಚಿಡದೆ ಒಪ್ಪಿಕೊಳ್ಳುವುದು, ನೊಂದವರ ಹೆಸರುಗಳನ್ನು ಒಂದೊಂದಾಗಿ ನೆನೆಯುವುದು, ತನ್ನನ್ನು ನೋಯಿಸಿದವರಿಗೂ ಒಳಿತನ್ನು ಬೇಡುವುದು, ಕೊನೆಗೆ ಸುಮ್ಮನೆ ಕುಳಿತಿರುವುದು.

ಈ ಸುಮ್ಮನೆ ಕುಳಿತಿರುವುದೇ ಎಲ್ಲಕ್ಕಿಂತ ಕಷ್ಟ. ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆಯ ಕಾಲದಲ್ಲಿ ಡೀಟ್ರಿಚ್ ಬಾನ್‌ಹೋಫರ್ ಎಂಬ ಪಾಸ್ಟರರು ಫಿಂಕನ್‌ವಾಲ್ಡೆ ಎಂಬಲ್ಲಿ ಗುರುಗಳಾಗಲಿದ್ದ ತರುಣರಿಗೆ ಶಾಲೆ ನಡೆಸುತ್ತಿದ್ದರು. ದಿನವೂ ಅರ್ಧ ಗಂಟೆ ಬೈಬಲಿನ ಒಂದೇ ಚಿಕ್ಕ ಭಾಗವನ್ನು ಮುಂದಿಟ್ಟುಕೊಂಡು ಮೌನವಾಗಿರಬೇಕು, ಒಂದು ವಾರ ಅದೇ ಭಾಗ, ಅದರಿಂದ ಪ್ರಸಂಗ ತಯಾರಿಸಕೂಡದು ಎಂಬುದು ಅಲ್ಲಿನ ನಿಯಮ. ತರುಣರು ಗೊಣಗಿದರು. ಕೆಲವರಿಗೆ ನಿದ್ದೆ ಬಂತು, ಕೆಲವರ ಮನಸ್ಸು ಎಲ್ಲೆಲ್ಲೋ ಅಲೆಯಿತು. ಬಾನ್‌ಹೋಫರ್ ನಿಯಮವನ್ನು ಸಡಿಲಿಸಲಿಲ್ಲ. 1937ರಲ್ಲಿ ಗುಪ್ತ ಪೊಲೀಸರು ಶಾಲೆಯನ್ನು ಮುಚ್ಚಿಸಿದರು. 1943ರಲ್ಲಿ ಅವರ ಬಂಧನವಾಯಿತು. ಶಾಲೆ, ಸಭೆ, ಪ್ರಸಂಗಪೀಠ ಎಲ್ಲವೂ ಹೋದ ಮೇಲೆಯೂ ಸೆರೆಮನೆಯಲ್ಲಿ ಅವರು ಕೀರ್ತನೆಗಳ ನಿತ್ಯದ ಓದನ್ನು ಬಿಡಲಿಲ್ಲವೆಂದು ಅವರ ಪತ್ರಗಳಿಂದ ತಿಳಿಯುತ್ತದೆ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಶಾಂತಿಯ ದಿನಗಳಲ್ಲಿ ಬೇಸರ ತರಿಸುವ ಅರ್ಧ ಗಂಟೆ ಕಷ್ಟದ ದಿನಗಳಲ್ಲಿ ಏನಾಗಬಲ್ಲದು ಎಂಬುದಕ್ಕೆ ಬೇರೆ ನಿದರ್ಶನ ಬೇಡ.

ಒಂದು ಎಚ್ಚರಿಕೆಯೂ ಅಗತ್ಯ. ಬಾಗಿಲು ಮುಚ್ಚಿಕೊಳ್ಳುವುದು ಹೊಣೆ ತಪ್ಪಿಸಿಕೊಳ್ಳಲು ನೆಪವಾಗಬಾರದು. ಪ್ರಾರ್ಥಿಸುವ ಸಭಾಪಾಲಕನೂ ಸಭೆಯ ಲೆಕ್ಕಪತ್ರವನ್ನು ಸರಿಯಾಗಿ ಇಡಬೇಕು. ರೋಗಿಯನ್ನು ವೈದ್ಯರ ಬಳಿಗೆ ಕಳಿಸಬೇಕು. ತಪ್ಪು ಮಾಡಿದರೆ ಜನರ ಮುಂದೆ ಒಪ್ಪಿಕೊಳ್ಳಬೇಕು. ಕೋಣೆಯಿಂದ ಹೊರಬಂದವನು ಮನೆಯವರೊಡನೆ ಮೊದಲಿಗಿಂತ ತಾಳ್ಮೆಯಿಂದ ನಡೆದುಕೊಂಡನೇ ಎಂಬುದೇ ಆ ಪ್ರಾರ್ಥನೆಗೆ ಇರುವ ಪರೀಕ್ಷೆ.

ಒಳಗಿನ ಶ್ರಮದ ಈ ಪಾಠ ಕ್ರೈಸ್ತರಿಗೆ ಮಾತ್ರ ಸೇರಿದ್ದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಒಂದು ವರ್ಷ ಸರಿಯಾಗಿ ಶ್ರಮಿಸಲಿಲ್ಲ, ಆಮೇಲೆಯೇ ಮನಸ್ಸಿಟ್ಟು ಪ್ರಯತ್ನಿಸಿದೆ ಎಂದು ಚಕ್ರವರ್ತಿಯೇ ಅಲ್ಲಿ ಒಪ್ಪಿಕೊಂಡಿದ್ದಾನೆ. ಇಂಥ ಪ್ರಯತ್ನದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದೊರೆಯುತ್ತದೆ ಎಂಬ ಭರವಸೆಯೂ ಅದರಲ್ಲಿದೆ. ತಂದೆತಾಯಿಗಳ ಮಾತು ಕೇಳಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂಬ ಬೋಧನೆಯೂ ಅದೇ ಬಂಡೆಯ ಮೇಲಿದೆ.

ವಿದ್ಯಾರ್ಥಿಗಳು ಇದರಿಂದ ಕಲಿಯಬೇಕಾದದ್ದು ಸ್ಪಷ್ಟ. ತರಗತಿಯಲ್ಲಿ ಕೈಯೆತ್ತಿ ಉತ್ತರ ಹೇಳುವುದು ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ಒಬ್ಬರೇ ಕುಳಿತು, ತಿಳಿಯದ ಲೆಕ್ಕವನ್ನು ತಿಳಿಯಲಿಲ್ಲವೆಂದು ತಮಗೆ ತಾವೇ ಒಪ್ಪಿಕೊಂಡು ಮತ್ತೆ ಮಾಡುವುದು ಯಾರಿಗೂ ಕಾಣುವುದಿಲ್ಲ. ಪರೀಕ್ಷೆಯ ದಿನ ಕೈಹಿಡಿಯುವುದು ಅದು. ಪಾಲಕರಿಗೂ ಇಲ್ಲಿ ಒಂದು ಮಾತಿದೆ. ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ತಾವು ಪ್ರತಿದಿನ ಹತ್ತು ನಿಮಿಷ ಟಿ.ವಿ., ಫೋನುಗಳಿಂದ ದೂರ ಕುಳಿತು ತಮ್ಮ ನಡೆಯನ್ನು ನೋಡಿಕೊಳ್ಳುತ್ತಾರೆಯೇ? ಮನೆಯೆಂಬ ಸಣ್ಣ ಮಂದೆಗೆ ಅವರೇ ಕುರಿಗಾಹಿಗಳು. ಅವರಿಗೂ ಬಾಯಾರಿಕೆಯಾಗುತ್ತದೆ.