ಪರದೆ ಕಪ್ಪಾದರೆ ಲೆಕ್ಕಪತ್ರ ಕಳೆದುಹೋಯಿತೆಂದಲ್ಲ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವಿಂಡೋಸ್ 11 ಅಪೇಕ್ಷಿಸುವ ಟಿಪಿಎಂ 2.0 ಸುರಕ್ಷಾ ಘಟಕವಾಗಲೀ ಹೊಸ ಪೀಳಿಗೆಯ ಪ್ರೊಸೆಸರ್ ಆಗಲೀ ಇಲ್ಲದ ಗಣಕಯಂತ್ರಗಳನ್ನು ಹೊಂದಿರುವ ವರ್ತಕರ ಮುಂದೆ ಮೂರು ದಾರಿಗಳು ಉಳಿದವು: ಹೊಸ ಯಂತ್ರ ಕೊಳ್ಳುವುದು, ಸುರಕ್ಷಾ ಪರಿಷ್ಕರಣೆಯನ್ನು ಶುಲ್ಕ ತೆತ್ತು ಕೆಲಕಾಲ ಮುಂದುವರಿಸುವುದು, ಅಥವಾ ಇರುವ ಯಂತ್ರಕ್ಕೇ ಲಿನಕ್ಸ್ ಅಳವಡಿಸುವುದು. ಮೂರನೆಯ ದಾರಿ ಮಿತವ್ಯಯದ್ದು. ಟ್ಯಾಲಿಯಂತಹ ವಿಂಡೋಸ್ ಆಧಾರಿತ ತಂತ್ರಾಂಶಕ್ಕೆ ಒಂದು ಯಂತ್ರವನ್ನು ಬೇರೆಯಾಗಿ ಇರಿಸಿಕೊಂಡು, ಬಿಲ್ಲಿಂಗ್, ಪತ್ರವ್ಯವಹಾರ, ದಾಸ್ತಾನು ಪಟ್ಟಿ, ಅಂತರಜಾಲ ಮುಂತಾದ ಕೆಲಸಗಳಿಗೆ ಹಳೆಯ ಯಂತ್ರಗಳನ್ನು ಲಿನಕ್ಸ್‌ನಲ್ಲಿ ನಡೆಸುವುದು ಸಣ್ಣ ಉದ್ದಿಮೆಗೆ ಸಾಧ್ಯವಾದ ಮಾತೇ ಆಗಿದೆ.

ಆದರೆ ಈ ದಾರಿ ಹಿಡಿದವರನ್ನು ಕಾಡುವ ಒಂದು ಭಯವಿದೆ. ಬೆಳಿಗ್ಗೆ ಅಂಗಡಿ ತೆರೆದು ಗುಂಡಿ ಒತ್ತಿದಾಗ ಪರಿಚಿತ ಚಿತ್ರಪರದೆಯ ಬದಲು ಕಪ್ಪು ಪರದೆಯೋ ಬಿಳಿ ಅಕ್ಷರಗಳ ಸಾಲುಗಳೋ ಕಾಣಿಸಿದರೆ ಏನು ಗತಿ? ಅಂದು ತಿಂಗಳ 20ನೇ ತಾರೀಖಾಗಿದ್ದು ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾಗಿದ್ದರೆ ಗಾಬರಿ ಇಮ್ಮಡಿಯಾಗುತ್ತದೆ. ತಡವಾದರೆ ತೆರಿಗೆ ಬಾಧ್ಯತೆಯುಳ್ಳವರಿಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಜೊತೆಗೆ ಬಾಕಿ ತೆರಿಗೆಯ ಮೇಲೆ ಬಡ್ಡಿ. ಆ ಗಾಬರಿಯಲ್ಲಿ ಕರೆಸಿದ ದುರಸ್ತಿಗಾರರು ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂದಾಗ ಮಾಲೀಕರು ತಲೆಯಾಡಿಸುತ್ತಾರೆ. ನಿಜವಾದ ನಷ್ಟ ಸಂಭವಿಸುವುದು ಆ ಕ್ಷಣದಲ್ಲಿ. ಪರದೆ ಕಪ್ಪಾದುದರಿಂದ ಒಂದು ಬಿಲ್ಲೂ ಅಳಿಯುವುದಿಲ್ಲ; ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಅಳಿಯುತ್ತದೆ. ವಾರ್ಷಿಕ ವಿವರಣ ಪತ್ರದ ಗಡುವಿನ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿರಿಸಬೇಕೆಂದು ಜಿಎಸ್‌ಟಿ ಕಾಯಿದೆಯ 36ನೇ ಕಲಂ ವಿಧಿಸುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು.

ಈ ವ್ಯತ್ಯಾಸವನ್ನು ತಿಳಿಯಲು ಯಂತ್ರವು ಏಳುವ ಕ್ರಮವನ್ನು ಸ್ಥೂಲವಾಗಿ ಅರಿತರೆ ಸಾಕು. ವಿದ್ಯುತ್ ಹರಿದೊಡನೆ ಮದರ್‌ಬೋರ್ಡಿನಲ್ಲಿರುವ ಮೂಲ ತಂತ್ರಾಂಶ ಎಚ್ಚರಗೊಂಡು ಗ್ರಬ್ ಎಂಬ ಕಿರು ಕಾರ್ಯಕ್ರಮಕ್ಕೆ ಅಧಿಕಾರ ಒಪ್ಪಿಸುತ್ತದೆ. ಗ್ರಬ್ ಲಿನಕ್ಸಿನ ತಿರುಳಾದ ಕರ್ನೆಲ್ಲನ್ನು ಎಬ್ಬಿಸುತ್ತದೆ. ಕರ್ನೆಲ್ ಡಿಸ್ಕನ್ನು ತೆರೆದು ಇತರ ಸೇವೆಗಳನ್ನು ಆರಂಭಿಸಲು ಅನುವು ಮಾಡಿಕೊಡುತ್ತದೆ. ಆ ಸೇವೆಗಳ ಪೈಕಿ ಕಡೆಯದೇ ಹೆಸರು, ಗುಪ್ತಪದ ಕೇಳುವ ಪ್ರವೇಶ ಪರದೆ. ಅದನ್ನು ದಾಟಿದ ಮೇಲೆ ಕಾಣುವುದು ಡೆಸ್ಕ್‌ಟಾಪ್. ಯುನಿಕ್ಸ್ ಪರಂಪರೆಯಲ್ಲಿ ಚಿತ್ರಪರದೆಯು ವ್ಯವಸ್ಥೆಯ ಅಂತರಂಗವಲ್ಲ, ಅದರ ಮೇಲೆ ನಡೆಯುವ ಮತ್ತೊಂದು ಕಾರ್ಯಕ್ರಮ ಮಾತ್ರ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯಾಗಲಿ, 2008ರಲ್ಲಿ ಆರಂಭವಾಗಿ ಈಗ ಅದರ ಸ್ಥಾನವನ್ನು ತುಂಬುತ್ತಿರುವ ವೇಲ್ಯಾಂಡ್ ಆಗಲಿ, ಈ ಮಾತಿಗೆ ಹೊರತಲ್ಲ. ಅಂಗಡಿಯ ನಾಮಫಲಕದ ದೀಪ ಆರಿದರೆ ಗೋದಾಮಿನ ಸರಕು ಮಾಯವಾಗುವುದಿಲ್ಲವಷ್ಟೆ!

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ, ಯಂತ್ರವು ಯಾವ ಹಂತದಲ್ಲಿ ನಿಂತಿದೆ ಎಂಬುದು. ತಯಾರಕರ ಲಾಂಛನವೂ ಮೂಡದಿದ್ದರೆ ದೋಷವು ಲಿನಕ್ಸಿನದಲ್ಲ. ಮಾನಿಟರಿನ ಕೇಬಲ್, ವಿದ್ಯುತ್ ಸರಬರಾಜು, ರ್‍ಯಾಮ್ ಇವುಗಳನ್ನು ನೋಡಬೇಕು. ‘ಎಮರ್ಜೆನ್ಸಿ ಮೋಡ್’ ಎಂಬ ಸಾಲು ಕಂಡರೆ, ಹಠಾತ್ ವಿದ್ಯುತ್ ಕಡಿತದಿಂದ ಡಿಸ್ಕಿನ ಕಡತ ವ್ಯವಸ್ಥೆ ಕೆಟ್ಟಿರುವ ಸಾಧ್ಯತೆಯಿದ್ದು, ದುರಸ್ತಿಗೆ ಮುನ್ನ ಕಡತಗಳ ನಕಲು ತೆಗೆಯುವುದು ಕ್ಷೇಮ. ಯುಪಿಎಸ್ ಇಲ್ಲದ ಮಳಿಗೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಲಾಂಛನ ಮೂಡಿ, ನಂತರ ಪ್ರವೇಶ ಪರದೆ ಬಾರದೆ ಕಪ್ಪಾಗಿಯೇ ಉಳಿದರೆ ಬಹುಮಟ್ಟಿಗೆ ಗ್ರಾಫಿಕ್ಸ್ ಚಾಲಕ ತಂತ್ರಾಂಶದ ತೊಡಕೆಂದು ಶಂಕಿಸಬಹುದು. ಹಿಂದಿನ ದಿನ ಪರಿಷ್ಕರಣೆಯಾಗಿ ಹೊಸ ಕರ್ನೆಲ್ ಬಂದಿದ್ದು, ಎನ್‌ವಿಡಿಯಾ ಕಾರ್ಡಿನ ಚಾಲಕವು ಅದಕ್ಕೆ ಹೊಂದದೆ ಹೋದಾಗ ಹೀಗಾಗುತ್ತದೆ. ಪರಿಹಾರ ಸರಳ. ಯಂತ್ರ ಏಳುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀಲಿ ಒತ್ತಿ ಗ್ರಬ್ ಪಟ್ಟಿಯನ್ನು ತೆರೆದು, ‘ಅಡ್ವಾನ್ಸ್ಡ್ ಆಪ್ಷನ್ಸ್’ ವಿಭಾಗದಿಂದ ಹಿಂದಿನ ಕರ್ನೆಲ್ಲನ್ನು ಆರಿಸಬೇಕು. ಉಬುಂಟು ಮೊದಲಾದ ವಿತರಣೆಗಳು ಹಳೆಯ ಕರ್ನೆಲ್ಲನ್ನು ಉಳಿಸಿಕೊಂಡಿರುವುದೇ ಇಂತಹ ಸಂದರ್ಭಕ್ಕಾಗಿ. ಅಂದಿನ ವ್ಯಾಪಾರ ನಡೆಯಲಿ; ಚಾಲಕದ ದುರಸ್ತಿ ಸಂಜೆ ಆಗಲಿ.

ಪ್ರವೇಶ ಪರದೆ ಬಂದು, ಸರಿಯಾದ ಗುಪ್ತಪದ ಕೊಟ್ಟರೂ ಪರದೆ ಒಮ್ಮೆ ಮಿನುಗಿ ಮತ್ತೆ ಅಲ್ಲಿಗೇ ಮರಳುವುದು ಇನ್ನೊಂದು ಬಗೆಯ ತೊಂದರೆ. ಇದಕ್ಕೆ ಸಾಮಾನ್ಯ ಕಾರಣಗಳು ಎರಡು. ಡಿಸ್ಕ್ ಪೂರ್ತಿ ತುಂಬಿ ಹೊಸ ಕಡತ ಬರೆಯಲು ಸ್ಥಳವಿಲ್ಲದಿರುವುದು ಒಂದು; ವರ್ಷಗಟ್ಟಲೆ ಸ್ಕ್ಯಾನ್ ಮಾಡಿದ ಬಿಲ್ಲುಗಳನ್ನು ಒಂದೇ ಯಂತ್ರದಲ್ಲಿ ಪೇರಿಸಿದವರಿಗೆ ಇದು ಅಪರಿಚಿತವೇನಲ್ಲ. ಬಳಕೆದಾರರ ಮನೆಕೋಶದ ಕೆಲವು ಕಡತಗಳ ಒಡೆತನ ತಪ್ಪಾಗಿ ಆಡಳಿತಗಾರರ ಹೆಸರಿಗೆ ಹೋಗಿರುವುದು ಇನ್ನೊಂದು. ಆಗ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಮಾತ್ರದ ಪರದೆ ತೆರೆಯುತ್ತದೆ. ಅಲ್ಲಿ ಡಿಎಫ್ ಆದೇಶದಿಂದ ಡಿಸ್ಕಿನಲ್ಲಿ ಉಳಿದಿರುವ ಸ್ಥಳವನ್ನೂ, ಜರ್ನಲ್‌ಸಿಟಿಎಲ್ ಆದೇಶದಿಂದ ದೋಷದ ದಾಖಲೆಯನ್ನೂ ನೋಡಬಹುದು. ಯಂತ್ರದಲ್ಲಿ ಮೊದಲೇ ಎರಡನೆಯ ಬಳಕೆದಾರ ಖಾತೆಯೊಂದನ್ನು ತೆರೆದಿಟ್ಟಿದ್ದರೆ ಪರೀಕ್ಷೆ ಇನ್ನೂ ಸುಲಭ: ಆ ಖಾತೆಯಲ್ಲಿ ಡೆಸ್ಕ್‌ಟಾಪ್ ಬಂದರೆ, ದೋಷವು ಮೊದಲ ಖಾತೆಗಷ್ಟೇ ಸೀಮಿತವೆಂದು ಅರ್ಥ.

ಇದಾವುದೂ ಫಲಿಸದಿದ್ದರೂ ಕೊನೆಯ ಆಸರೆಯೊಂದುಂಟು. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಏನನ್ನೂ ಅಳವಡಿಸದೆ, ಒಳಗಿನ ಡಿಸ್ಕಿನ ಕಡತಗಳನ್ನು ಬೇರೊಂದಕ್ಕೆ ನಕಲಿಸಿಕೊಳ್ಳಬಹುದು. ಡಿಸ್ಕ್ ಗೂಢಲಿಪಿಯಲ್ಲಿದ್ದರೆ ಅದರ ಗುಪ್ತಪದ ಮಾತ್ರ ಮಾಲೀಕರ ಬಳಿ ಇರಲೇಬೇಕು.

ವ್ಯಾಪಾರಿಗೆ ಇದೆಲ್ಲ ಏಕೆ, ಇದು ಮೆಕ್ಯಾನಿಕ್‌ಗಳ ಕೆಲಸವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಲೇತ್ ನಿಂತಾಗ ನಮ್ಮ ಕಾರ್ಖಾನೆಯವರು ಮೊದಲು ಫ್ಯೂಸ್ ನೋಡುತ್ತಾರೆ, ಬಳಿಕ ಸ್ಟಾರ್ಟರ್, ಅನಂತರ ಓವರ್‌ಲೋಡ್ ರಿಲೇ. ಅವರು ಎಲೆಕ್ಟ್ರಿಷಿಯನ್ ಆಗಬೇಕಿಲ್ಲ, ಆದರೆ ಲೇತನ್ನು ಗುಜರಿಗೆ ಹಾಕಿ ಎಂದವರನ್ನು ಅವರು ನಂಬುವುದಿಲ್ಲ. ಗಣಕಯಂತ್ರದ ವಿಷಯದಲ್ಲಿಯೂ ಅಷ್ಟು ಅರಿವು ಸಾಕು. ದುರಸ್ತಿಗಾರರನ್ನು ದೂರಿಯೂ ಪ್ರಯೋಜನವಿಲ್ಲ. ಭೇಟಿಯೊಂದಕ್ಕೆ ಇಷ್ಟೆಂದು ಹಣ ಪಡೆಯುವವರಿಗೆ ಕಾರಣ ಹುಡುಕುವುದಕ್ಕಿಂತ ಅಳಿಸಿ ಹೊಸದಾಗಿ ಅಳವಡಿಸುವುದು ಬೇಗ ಮುಗಿಯುವ ಕೆಲಸ. ಕೇಳುವುದನ್ನು ನಾವು ಬದಲಿಸಿದರೆ ಅವರು ಮಾಡುವುದೂ ಬದಲಾದೀತು.

ಬೆಂಗಳೂರಿಗೆ ಲಿನಕ್ಸ್ ಹೊಸತೇನಲ್ಲ. 2001ರಲ್ಲಿ ಆರಂಭವಾದ ಲಿನಕ್ಸ್ ಬೆಂಗಳೂರು ಸಮ್ಮೇಳನ 2005ರಲ್ಲಿ ಫಾಸ್ ಡಾಟ್ ಇನ್ ಎಂಬ ಹೆಸರು ತಳೆದು ದೇಶವಿದೇಶಗಳ ತಂತ್ರಜ್ಞರನ್ನು ಈ ನಗರಕ್ಕೆ ಕರೆತಂದಿತು. ಆದರೆ ಆ ಜ್ಞಾನವು ತಂತ್ರಾಂಶ ಕಂಪನಿಗಳಿಂದ ತ್ಯಾಗರಾಜನಗರದ ಕಿರಾಣಿ ಅಂಗಡಿಗೆ, ಮುದ್ರಣಾಲಯಕ್ಕೆ, ಬನಶಂಕರಿಯ ಬಿಡಿಭಾಗ ಮಾರುವ ಮಳಿಗೆಗೆ ಇಳಿದುಬಂದದ್ದು ಅತ್ಯಲ್ಪ. ಈ ಅಂತರವನ್ನು ತುಂಬುವುದು ವರ್ತಕ ಸಂಘಟನೆಗಳ ಕರ್ತವ್ಯವೆಂದು ನನ್ನ ಅಭಿಪ್ರಾಯ. ವರ್ಷಕ್ಕೊಮ್ಮೆ ಅರ್ಧ ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಿ, ಮೇಲಿನ ಕ್ರಮವನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಮುದ್ರಿಸಿ ಹಂಚಿದರೆ ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಸದಸ್ಯ ಬಾಂಧವರು ಅದಕ್ಕಾಗಿ ಕಾಯಬೇಕಿಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ‘ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಡಿಸ್ಕನ್ನು ಅಳಿಸತಕ್ಕದ್ದಲ್ಲ’ ಎಂಬ ಷರತ್ತನ್ನು ಸೇರಿಸಿಕೊಳ್ಳಲಿ. ಪ್ರತಿ ಶನಿವಾರ ಲೆಕ್ಕದ ಕಡತಗಳ ನಕಲು ತೆಗೆದು ಬೇರೆ ಸ್ಥಳದಲ್ಲಿಡಲಿ. ತಿಂಗಳ 11 ಮತ್ತು 20ನೇ ತಾರೀಖುಗಳ ಹಿಂದಿನ ಎರಡು ದಿನ ಯಾವ ಪರಿಷ್ಕರಣೆಯನ್ನೂ ಮಾಡದಿರಲಿ. ಪರದೆಯ ಮೇಲೆ ಕಂಡ ದೋಷದ ಸಾಲನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಲಿ. ರೋಕಡ ಪುಸ್ತಕವನ್ನು ದಿನವೂ ತಪ್ಪದೆ ಬರೆಯುವ ವರ್ತಕರಿಗೆ ಈ ಶಿಸ್ತು ಹೊರೆಯೆನಿಸದು.