ಕಡೀಕ ದನಿ ಒಡೀತೈತಿ

ಮೂಡಲಗಿಯ ನಮ್ಮ ಅಜ್ಜಿಗೆ ಒಂದು ಎಲ್‌ಪಿ ರೆಕಾರ್ಡ್ ಅಂದರೆ ಜೀವ. ಮಲ್ಲಿಕಾರ್ಜುನ ಮನಸೂರರದ್ದು. ಅದರ ಮಾತು ಬಂದಾಗಲೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು: “ಭಾಳ ಚಂದ ಹಾಡ್ಯಾರ. ಆದ್ರ ಕಡೀಕ ದನಿ ಒಡೀತೈತಿ ನೋಡು. ವಯಸ್ಸಾಗಿತ್ತು, ಪಾಪ.”

ಅಜ್ಜ ಹೋದ ಮೇಲೆ ಅವನ ಪ್ಲೇಯರ್ ಗುಜರಿಗೆ ಹೋಯಿತು. ರೆಕಾರ್ಡುಗಳು ಟ್ರಂಕಿನಲ್ಲಿ ಹುಕ್ಕೇರಿಯ ದೊಡ್ಡವ್ವನ ಮನೆಯ ಅಟ್ಟ ಸೇರಿದವು. ಕಳೆದ ಬೇಸಿಗೆಯಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದವನು ಆ ಟ್ರಂಕು ಇಳಿಸಿದೆ. 11 ಎಲ್‌ಪಿ, 4 ಹಳೆಯ 78 ಆರ್‌ಪಿಎಂ ತಟ್ಟೆ. ಎರಡು ಎಲ್‌ಪಿ ಅಟ್ಟದ ಬಿಸಿಗೆ ಹಪ್ಪಳದ ಹಾಗೆ ಸ್ವಲ್ಪ ಬಾಗಿದ್ದವು. 78ರಲ್ಲಿ ಒಂದು ಗಂಗೂಬಾಯಿ ಹಾನಗಲ್ಲರದ್ದು. 1930ರ ದಶಕದ ಎಚ್‌ಎಂವಿ ರೆಕಾರ್ಡುಗಳಲ್ಲಿ ಅವರ ಹೆಸರು ‘ಗಾಂಧಾರಿ ಹಾನಗಲ್’ ಅಂತಿರುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದಾಗ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು.

ಯಾಕೆಂದರೆ ರೆಕಾರ್ಡಿಗೆ ಬ್ಯಾಕಪ್ ಇಲ್ಲ. ನಾವು ಕೋಡ್ ಬರೆಯುವವರು, ತಪ್ಪಾದರೆ ಹಿಂದಿನ ವರ್ಷನ್‌ಗೆ ಹೋಗುತ್ತೇವೆ. ಇಲ್ಲಿ ತಪ್ಪಾಗಿ ಕೂತ ಸ್ಟೈಲಸ್ ಪ್ರತಿ ಸಲ ಗೆರೆಯನ್ನು ಒಂದಿಷ್ಟು ಕೆರೆದು ಹಾಕುತ್ತದೆ. ಹೋದದ್ದು ಹೋಯಿತು. ಹಾಗಾಗಿ ಕೈಗೆ ಸಿಕ್ಕ ಸೂಟ್‌ಕೇಸ್ ಪ್ಲೇಯರ್ ತರುವುದು ಬೇಡ ಅಂತ ಮೊದಲೇ ತೀರ್ಮಾನಿಸಿದೆ.

ಟರ್ನ್‌ಟೇಬಲ್ ಹುಡುಕುವಾಗ ನಾವೆಲ್ಲ ಮೊದಲು ನೋಡುವುದು ಮೋಟಾರು, ಬ್ಲೂಟೂತ್, ಮರದ ಬಣ್ಣ. ನೋಡಬೇಕಾದ್ದು ಕೈ, ಅಂದರೆ ಟೋನ್‌ಆರ್ಮ್. ಯಾವ ಕೈ ಬೇಕು ಅನ್ನುವುದನ್ನು ನಿರ್ಧರಿಸುವುದು ನಿಮ್ಮ ಮನೆಯ ಟ್ರಂಕು. ನಮ್ಮಲ್ಲಿ ಎರಡು ಜಾತಿಯ ರೆಕಾರ್ಡು ಇದ್ದವು. 78ರ ಗೆರೆ ಅಗಲ, ಅದಕ್ಕೆ ಸುಮಾರು 76 ಮೈಕ್ರಾನ್ ತ್ರಿಜ್ಯದ ದಪ್ಪ ತುದಿ ಬೇಕು. 1948ರಲ್ಲಿ ಬಂದ ಎಲ್‌ಪಿಯ ಗೆರೆ ಸಣ್ಣದು, ಸ್ಟೀರಿಯೊ ಎಲ್‌ಪಿಗೆ ಸುಮಾರು 18 ಮೈಕ್ರಾನ್ ಸಾಕು. ಎಲ್‌ಪಿಯ ಸೂಜಿಯನ್ನು 78ರ ಮೇಲಿಟ್ಟರೆ ಅದು ಗೆರೆಯ ತಳದ ಕಸದಲ್ಲಿ ಉರುಳಾಡುತ್ತದೆ. ಒತ್ತಡವೂ ಬೇರೆ. ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ ಸಾಕು. ಆಡಿಯೊ-ಟೆಕ್ನಿಕಾದವರು 78ಕ್ಕೆಂದೇ ಮಾಡುವ ವಿಎಂ95ಎಸ್‌ಪಿಗೆ 5 ಗ್ರಾಂ ಬೇಕು.

ಆದ್ದರಿಂದ ನಾನು ಆರಿಸಿದ್ದು ಎಸ್ ಆಕಾರದ, ತುದಿಯ ಹೆಡ್‌ಶೆಲ್ ಬಿಚ್ಚಿ ಬದಲಿಸಬಹುದಾದ ಕೈ. ಎರಡು ಹೆಡ್‌ಶೆಲ್, ಎರಡು ಕಾರ್ಟ್ರಿಜ್. ಕಾರ್ಟ್ರಿಜ್ ಬದಲಾದಾಗ ಎತ್ತರವೂ ಬದಲಾಗುತ್ತದೆ, ಹಾಗಾಗಿ ಕೈಯ ಎತ್ತರ ಏರಿಸಿ ಇಳಿಸುವ ಸೌಲಭ್ಯವೂ ಬೇಕಿತ್ತು. ನಿಮ್ಮಲ್ಲಿ ಬರೀ ಎಲ್‌ಪಿ ಇದ್ದರೆ ಹೆಡ್‌ಶೆಲ್ ಬಿಚ್ಚಲು ಬಾರದ ನೇರ ಕೈಯೂ ಚೆನ್ನಾಗಿಯೇ ಇರುತ್ತದೆ. ಕೀಲು ಕಡಿಮೆ, ಸಡಿಲಾಗುವ ಜಾಗವೂ ಕಡಿಮೆ.

ಇನ್ನೊಂದು ಲೆಕ್ಕ ಇದೆ, ಐದು ನಿಮಿಷದ್ದು. ಕೈ ಒಂದು ತೂಕ, ಸೂಜಿಯ ಬುಡದ ರಬ್ಬರು ಒಂದು ಸ್ಪ್ರಿಂಗ್. ಎರಡೂ ಸೇರಿ ಒಂದು ಆವರ್ತನದಲ್ಲಿ ತೂಗುತ್ತವೆ. 159 ಅನ್ನು ಒಟ್ಟು ತೂಕ ಮತ್ತು ಕಂಪ್ಲಯನ್ಸ್‌ಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿದರೆ ಆ ಆವರ್ತನ ಸಿಗುತ್ತದೆ. 8ರಿಂದ 12 ಹರ್ಟ್ಸ್ ನಡುವೆ ಬರಬೇಕು. ನನ್ನ ಕೈಯ ಪರಿಣಾಮಕಾರಿ ತೂಕ 12 ಗ್ರಾಂ, 2ಎಂ ರೆಡ್ 7.2 ಗ್ರಾಂ, ಸ್ಕ್ರೂ ಸೇರಿ ಒಟ್ಟು 20. ಕಂಪ್ಲಯನ್ಸ್ 20. ಗುಣಿಸಿದರೆ 400, ವರ್ಗಮೂಲ 20, ಉತ್ತರ ಸುಮಾರು 8. ಪಾಸು, ಆದರೆ ಅಂಚಿನಲ್ಲಿ. ಅದೇ ಕಾರ್ಟ್ರಿಜ್ಜನ್ನು 25 ಗ್ರಾಂನ ಭಾರದ ಕೈಗೆ ಹಾಕಿದ್ದರೆ 6ರ ಹತ್ತಿರ ಬರುತ್ತಿತ್ತು. ಬಾಗಿದ ರೆಕಾರ್ಡಿನ ಏರಿಳಿತ ಇರುವುದು ಅಲ್ಲೇ ಕೆಳಗೆ. ಹುಕ್ಕೇರಿಯ ಹಪ್ಪಳದ ಮೇಲೆ ಕೈ ಜೋಕಾಲಿ ಆಡುತ್ತಿತ್ತು. ಒಂದು ಎಚ್ಚರಿಕೆ: ಜಪಾನಿ ಕಂಪನಿಗಳು ಕಂಪ್ಲಯನ್ಸನ್ನು ಹೆಚ್ಚಾಗಿ 100 ಹರ್ಟ್ಸ್‌ನಲ್ಲಿ ಅಳೆದು ಕೊಡುತ್ತವೆ. ಈ ಲೆಕ್ಕಕ್ಕೆ ಅದನ್ನು ಅಂದಾಜು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು.

ಒತ್ತಡ ಅಳೆಯಲು 300 ರೂಪಾಯಿಯ ಸಣ್ಣ ಡಿಜಿಟಲ್ ತಕ್ಕಡಿ ತರಿಸಿದೆ. ಅದು ನಿಜ ಹೇಳುತ್ತದೋ ಇಲ್ಲವೋ? ಗೋಕಾಕಕ್ಕೆ ಹೋದಾಗ ಒಂದು ಬಂಗಾರದ ಅಂಗಡಿಗೆ ಹೊಕ್ಕು, ನಾಚಿಕೆ ಬಿಟ್ಟು ಕೇಳಿದೆ. ಅವರು ನಗುತ್ತ ತಮ್ಮ 2 ಗ್ರಾಂ ತೂಕದ ಬಟ್ಟು ಇಟ್ಟರು. 2.03 ತೋರಿಸಿತು. “ಬಂಗಾರ ತೂಗಾಕ ಆಗೂದಿಲ್ಲ, ನಿಮ್ಮ ಹಾಡಿಗೆ ಸಾಕು ಬಿಡ್ರಿ” ಅಂದರು. ಕರದಂಟು ಕಟ್ಟಿಸಿಕೊಂಡು ಮೂಡಲಗಿಗೆ ಬಂದೆ.

ಇಲ್ಲಿಂದ ಮುಂದೆ ನನ್ನ ತಪ್ಪು. ಕಾರ್ಟ್ರಿಜ್ಜನ್ನು ಹೆಡ್‌ಶೆಲ್‌ನಲ್ಲಿ ಹಿಂದಕ್ಕೆ ಒತ್ತಿ, ನೇರವಾಗಿ ಚೊಕ್ಕಟವಾಗಿ ಕಾಣುವ ಹಾಗೆ ಬಿಗಿದೆ. ಒತ್ತಡ 1.8, ಆ್ಯಂಟಿಸ್ಕೇಟ್ ಅಷ್ಟೇ, ಮೇಜಿನ ಮಟ್ಟ ಸರಿ. ಅಜ್ಜಿಯನ್ನು ಕೂಡಿಸಿ ಮನಸೂರರ ಎಲ್‌ಪಿ ಹಾಕಿದೆ. ಮೊದಲ ಹದಿನೈದು ನಿಮಿಷ ಇಬ್ಬರೂ ಮಾತಾಡಲಿಲ್ಲ. ಕೊನೆಯಲ್ಲಿ ದ್ರುತ್ ತಾನುಗಳು ಬಂದಾಗ ದನಿ ಬಿರಿಯಿತು, ಸ್-ಸ್ ಅಂತ ಒಡೆಯಿತು. ಅಜ್ಜಿ ನನ್ನ ಕಡೆ ನೋಡಿ ತಲೆ ಆಡಿಸಿದಳು. “ಹೇಳಿದ್ನೆಲ್ಲ?”

ಗೆರೆ ಸವೆದಿದೆ, ಮುಗಿಯಿತು ಅಂದುಕೊಂಡೆ. ಅಜ್ಜನ ಹಳೆಯ ಪ್ಲೇಯರಿನಂಥವು 5 ಗ್ರಾಂಗಿಂತ ಹೆಚ್ಚು ಒತ್ತುವುದು ಸಾಮಾನ್ಯವಾಗಿತ್ತು. ಇಪ್ಪತ್ತು ಸಾವಿರ ಮೇಲೆ ಖರ್ಚು ಮಾಡಿ ಅಜ್ಜಿಯ ಮಾತನ್ನೇ ಸಾಬೀತು ಮಾಡಿದ ಹಾಗಾಯಿತು. ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಅಳತೆ ಹಾಕಿದೆ. 230 ಮಿ.ಮೀ. ಉದ್ದದ ಆ ಕೈಯಲ್ಲಿ ಸೂಜಿ ನಡುವಿನ ಗೂಟವನ್ನು 15 ಮಿ.ಮೀ. ದಾಟಿ ನಿಲ್ಲಬೇಕು. ನನ್ನದು 10ಕ್ಕೇ ನಿಂತಿತ್ತು.

ಐದು ಮಿಲಿಮೀಟರಿಗೆ ಇಷ್ಟೊಂದಾ? ಹೌದು. ಮಾಸ್ಟರ್ ಡಿಸ್ಕ್ ಕೊರೆಯುವ ಸೂಜಿ ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸರಿಯುತ್ತದೆ. ನಮ್ಮ ಕೈ ಒಂದು ಕಡೆ ಕೀಲು ಇದ್ದು ಬಾಗಿಲಿನ ಹಾಗೆ ಕಮಾನಿನಲ್ಲಿ ತಿರುಗುತ್ತದೆ. ಹಾಗಾಗಿ ಸೂಜಿ ಗೆರೆಗೆ ಪೂರ್ತಿ ಸಮಾನಾಂತರವಾಗಿ ನಿಲ್ಲುವುದು ಹೆಚ್ಚೆಂದರೆ ಎರಡು ಜಾಗದಲ್ಲಿ. ಆ ಎರಡು ಜಾಗ ಎಲ್ಲಿದ್ದರೆ ಒಟ್ಟು ವಿರೂಪ ಕಡಿಮೆ ಅನ್ನುವುದನ್ನು ಸ್ವೀಡನ್ನಿನ ಲೋಫ್‌ಗ್ರೆನ್ 1938ರಲ್ಲಿ, ಬೇರ್ವಾಲ್ಡ್ 1941ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಇವತ್ತು ಬಳಸುವ ಅಳತೆ: ನಡುವಿನಿಂದ 66.0 ಮತ್ತು 120.9 ಮಿ.ಮೀ. ಸರಿಯಾಗಿ ಕೂತರೆ ಕೋನದ ತಪ್ಪು ಇಡೀ ರೆಕಾರ್ಡಿನಲ್ಲಿ 2 ಡಿಗ್ರಿ ಆಸುಪಾಸು ದಾಟುವುದಿಲ್ಲ. ನನ್ನ ಚೊಕ್ಕಟ ಜೋಡಣೆಯಲ್ಲಿ ಒಳತುದಿಯಲ್ಲಿ ಸುಮಾರು 5 ಡಿಗ್ರಿ ತಪ್ಪಿತ್ತು.

ಅದೂ ಒಳತುದಿಯಲ್ಲೇ ಕೇಳುವುದಕ್ಕೆ ಕಾರಣ ಇದೆ. ಎಲ್‌ಪಿಯ ಹೊರಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಓಡುತ್ತದೆ. ಒಳಗೆ ಬರುವಾಗ ಅದು 21ಕ್ಕೆ ಇಳಿಯುತ್ತದೆ. ಅದೇ ಸ್ವರ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಹೊರಗೆ ಕ್ಷಮಿಸಿದ ತಪ್ಪನ್ನು ಒಳಗಿನ ಗೆರೆ ಕ್ಷಮಿಸುವುದಿಲ್ಲ. ನಮ್ಮ ರಾಗದ ರೆಕಾರ್ಡುಗಳಲ್ಲಂತೂ ತೀವ್ರವಾದ ತಾನುಗಳು ಬರುವುದೇ ಕೊನೆಗೆ.

ಬೆಳಿಗ್ಗೆ ಎರಡು ಬಿಂದುಗಳ ಪ್ರೊಟ್ರ್ಯಾಕ್ಟರ್ ಅನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಸ್ಕೇಲ್ ಹಿಡಿದರೆ 120.9 ಇರಬೇಕಾದ್ದು 117 ಚಿಲ್ಲರೆ! ಪುಟಕ್ಕೆ ಹೊಂದಿಸುವ ಆಯ್ಕೆ ಆನ್ ಇತ್ತು, ಚಿತ್ರ ಕುಗ್ಗಿತ್ತು. ನೂರು ಪರ್ಸೆಂಟ್‌ಗೆ ಹಾಕಿಸಿ ಮತ್ತೆ ಅಳೆದೆ. ನೀವೂ ಅಳೆಯದೆ ಕಾಗದವನ್ನು ನಂಬಬೇಡಿ.

ಮುಂದಿನದು ತಾಳ್ಮೆಯ ಕೆಲಸ. ಸೂಜಿ ಒಂದು ಬಿಂದುವಿನ ಮೇಲೆ ಇಳಿಸಿ, ಅದನ್ನು ಹಿಡಿದಿರುವ ಸಣ್ಣ ಕಡ್ಡಿ ಗ್ರಿಡ್‌ಗೆ ಸಮಾನಾಂತರವಾಗಿದೆಯೇ ನೋಡುವುದು. ನೋಡಬೇಕಾದ್ದು ಆ ಕಡ್ಡಿಯನ್ನು, ಕಾರ್ಟ್ರಿಜ್‌ನ ಡಬ್ಬಿಯನ್ನಲ್ಲ. ಆಮೇಲೆ ಇನ್ನೊಂದು ಬಿಂದು. ಒಂದು ಸರಿಯಾದರೆ ಇನ್ನೊಂದು ತಪ್ಪುತ್ತದೆ. ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ತಿರುವು. ಎರಡೂ ಕೂಡಿದ ಮೇಲೆ ಸ್ಕ್ರೂ ಬಿಗಿದು, ಸಣ್ಣ ಕನ್ನಡಿಯ ಮೇಲೆ ಸೂಜಿ ಇಟ್ಟು ಬಲಕ್ಕೆ ಎಡಕ್ಕೆ ವಾಲಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಕಾರ್ಟ್ರಿಜ್ ಸರಿದರೆ ಸಮತೋಲನ ಬದಲಾಗುತ್ತದೆ, ಹಾಗಾಗಿ ಒತ್ತಡ ಮತ್ತೆ ತೂಗಿದೆ. ಒಟ್ಟು ಎರಡೂವರೆ ತಾಸು.

ಸಂಜೆ ಮತ್ತೆ ಅದೇ ಎಲ್‌ಪಿ. ಅಜ್ಜಿ ಸಂತೆಯ ಮೆಣಸಿನಕಾಯಿ ತೊಟ್ಟು ತೆಗೆಯುತ್ತ ಕೂತಿದ್ದಳು. ಕೊನೆಯ ತಾನುಗಳು ಬಂದವು. ಬಿರುಕು ಪೂರ್ತಿ ಹೋಗಿರಲಿಲ್ಲ, ಒಂದೆರಡು ಕಡೆ ಸವೆದ ಗೆರೆಯ ಗರಗರ ಇತ್ತು. ಆದರೆ ದನಿ ಒಡೆಯಲಿಲ್ಲ. ಮನಸೂರರು ಕೊನೆಯವರೆಗೂ ಗಟ್ಟಿಯಾಗಿಯೇ ಹಾಡಿದ್ದರು. ಅಜ್ಜಿಯ ಕೈ ನಿಂತಿತು. ಸೂಜಿ ಎತ್ತಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಇಷ್ಟ್ ವರ್ಷ ಅವ್ರ ಮ್ಯಾಲೆ ತಪ್ ಹೊರಿಸಿದ್ನೆಲ್ಲೋ,” ಅಂದಳು.

ಎಲ್ಲ ರೆಕಾರ್ಡಿಗೂ ಹೀಗಾಗಲಿಲ್ಲ. ಮೂರು ಎಲ್‌ಪಿಗಳ ಕೊನೆ ನಿಜವಾಗಿಯೇ ಸವೆದುಹೋಗಿದೆ, ಯಾವ ಪ್ರೊಟ್ರ್ಯಾಕ್ಟರೂ ಅದನ್ನು ತರಲಾರದು. ಆದರೆ ಸವೆದದ್ದು ಯಾವುದು, ನಮ್ಮ ಜೋಡಣೆಯ ತಪ್ಪು ಯಾವುದು ಅಂತ ಈಗ ಗೊತ್ತು. ನಿಮ್ಮ ಮನೆಯ ಅಟ್ಟದಲ್ಲೂ ಅಂಥದೊಂದು ಟ್ರಂಕು ಇದ್ದರೆ, ದುಬಾರಿ ಕಾರ್ಟ್ರಿಜ್ ನೋಡುವ ಮೊದಲು ಒಂದು ಸ್ಕೇಲು, ಒಂದು ಕನ್ನಡಿ, ಒಂದು ಸಣ್ಣ ತಕ್ಕಡಿ ಹೊಂದಿಸಿಕೊಳ್ಳಿ. ಅಂಗಡಿಯಿಂದ ಜೋಡಿಸಿಯೇ ಬಂದಿದ್ದರೂ ಒಮ್ಮೆ ಅಳೆದು ನೋಡಿ.

ಗಾಂಧಾರಿ ಹಾನಗಲ್ ಇನ್ನೂ ಹಾಕಿಲ್ಲ. 78ರ ಹೆಡ್‌ಶೆಲ್ ಜೋಡಿಸುವುದು ಬಾಕಿ ಇದೆ. ಬರುವ ಭಾನುವಾರ ಅಂತ ಅಜ್ಜಿಗೆ ಮಾತು ಕೊಟ್ಟಿದ್ದೇನೆ.